ಲೇಬಲ್ಲಿನ ಮೂರನೆಯ ಸಾಲು

ಹೋದ ತಿಂಗಳು ಇಟ್ಟಮಡುವಿನ ತಮ್ಮ ಮನೆಯಲ್ಲಿ ತೀರಿಕೊಂಡವರು ನನಗೆ ನೆಂಟರಲ್ಲ, ಜಾತಿಯವರಲ್ಲ, ಪಾಠ ಹೇಳಿದ ಮೇಷ್ಟ್ರೂ ಅಲ್ಲ. ಜಯನಗರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಲ್ಯಾಬ್ ಅಟೆಂಡರ್ ಆಗಿದ್ದರು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದ ಮೊದಲನೆಯವನು ನಾನು. ಆ ಡಿಗ್ರಿಯಲ್ಲಿ ಅರ್ಧ ಅವರದು. ಈ ಮಾತನ್ನು ಅವರು ಬದುಕಿದ್ದಾಗ ನಾನು ಯಾರ ಮುಂದೆಯೂ ಹೇಳಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಕಪ್ಪು ಗೌನು ಹಾಕಿಕೊಂಡ ನನ್ನ ಫೋಟೋ ಇದೆ. ಅದನ್ನು ನೋಡಿದವರಿಗೆಲ್ಲ "ಒಬ್ಬನೇ ಓದಿದ್ದು, ಹೇಳಿಕೊಡೋರು ಯಾರೂ ಇರಲಿಲ್ಲ" ಎಂದೇ ಹೇಳುತ್ತ ಬಂದೆ.

ನಮ್ಮಪ್ಪ ಗಾರೆ ಕೆಲಸದವನು. ಶ್ರೀನಗರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಹತ್ತನೆಯವರೆಗೆ ಕನ್ನಡದಲ್ಲೇ ಓದಿ, ಪಿಯುಸಿಯನ್ನು ಹೇಗೋ ದಾಟಿ ಆ ಕಾಲೇಜಿಗೆ ಬಂದೆ. ಮೊದಲ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಮೇಡಂ ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ನನಗೆ ತಿಳಿದದ್ದು 'ಬ್ಲೇಡ್' ಅನ್ನುವ ಒಂದು ಪದ. ಕಾಂಡವನ್ನು ಅಡ್ಡಕ್ಕೆ ಕೊಯ್ದು, ತೆಳ್ಳನೆಯ ಬಿಲ್ಲೆ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಡಬೇಕಿತ್ತು. ಪಕ್ಕದವರನ್ನು ನೋಡಿಕೊಂಡು ನಾನೂ ಕೊಯ್ಯತೊಡಗಿದೆ. ಹಿಂದಿನಿಂದ ಒಂದು ದನಿ ಬಂತು.

"ಏನಪ್ಪಾ, ಕೋಸಂಬರಿಗೆ ಸೌತೆಕಾಯಿ ಹೆಚ್ತಾ ಇದ್ದೀಯಾ?"

ತಿರುಗಿ ನೋಡಿದರೆ ಖಾಕಿ ಷರಟಿನ ಸಣಕಲು ಮನುಷ್ಯ. ಕಿವಿಯ ಮೇಲೆ ಮೊಂಡು ಪೆನ್ಸಿಲ್. ಎಡಗೈ ಹೆಬ್ಬೆರಳ ತುಂಬ ಕೂದಲೆಳೆಯಂಥ ಗಾಯದ ಗೆರೆಗಳು. ಒಂದು ಆಲೂಗಡ್ಡೆ ತುಂಡನ್ನು ನಡುವೆ ಸೀಳಿ, ಅದರಲ್ಲಿ ಕಾಂಡ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. "ಬ್ಲೇಡ್ ನೀರಲ್ಲಿ ಅದ್ದು. ತಳ್ಬೇಡ, ನಿನ್ ಕಡೆ ಎಳ್ಕೋ. ಎಳೆಯೋವಾಗ ಉಸಿರು ಬಿಗಿಹಿಡಿ." ನಾಲ್ಕನೆಯ ಸಲಕ್ಕೆ ಬಿಲ್ಲೆ ನೀರಿನ ಮೇಲೆ ತೇಲಿತು. "ಈಗ ಸರಿ. ಇದನ್ನ ಪೇಪರ್ ಮೇಲಿಟ್ರೆ ಕೆಳಗಿರೋ ಅಕ್ಷರ ಓದೋ ಹಾಗಿರ್ಬೇಕು" ಅಂದು ಮುಂದಿನ ಟೇಬಲ್ಲಿಗೆ ಹೋದರು.

ಅವರಿಗೆ ಮಾತು ಕಡಿಮೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸಾಲಾಗಿ ಗಿಡಗಳನ್ನು ಇಟ್ಟು, ಇದೇನು ಎಂದು ಗುರುತಿಸಿ ಬರೆಯಲು ಹೇಳುತ್ತಾರಲ್ಲ, ಆ ಗಿಡಗಳನ್ನು ಜೋಡಿಸುವವರು ಅವರೇ. ಹುಡುಗರೆಲ್ಲ ಆಸೆಯಿಂದ ಅವರ ಮುಖ ನೋಡುತ್ತಿದ್ದರು. ಅವರು ಗಡಿಯಾರ ನೋಡುತ್ತ ನಿಂತಿರುತ್ತಿದ್ದರು. ಒಬ್ಬ ತಡೆಯಲಾರದೆ ಪಿಸುಗುಟ್ಟಿದ: "ಅಣ್ಣ, ಪ್ಲೀಸ್, ಇದೇನಣ್ಣ?" ಅವರು ಬಗ್ಗಿ ನೋಡಿ, ಅಷ್ಟೇ ಮೆಲ್ಲಗೆ, "ಗಿಡ" ಅಂದರು.

ಲೇಬಲ್ ಬರೆಯುವುದು ಅವರ ಇನ್ನೊಂದು ಕೆಲಸ. ಒಣಗಿಸಿದ ಗಿಡವನ್ನು ದಪ್ಪ ಹಾಳೆಗೆ ಅಂಟಿಸಿ ಮೂಲೆಯಲ್ಲಿ ಒಂದು ಚೀಟಿ ಹಚ್ಚಬೇಕು. ಚೀಟಿಯಲ್ಲಿ ಮೂರು ಸಾಲು. ಗಿಡದ ಹೆಸರು, ಸಿಕ್ಕಿದ ಜಾಗ, ಗುರುತಿಸಿದವರ ಹೆಸರು. ಇಂಗ್ಲಿಷ್ ಅಕ್ಷರಗಳನ್ನು ಅವರು ರಂಗೋಲಿ ಎಳೆದ ಹಾಗೆ ಒಂದೊಂದೇ ಎಳೆಯುತ್ತಿದ್ದರು. ಮೂರನೆಯ ಸಾಲಿನಲ್ಲಿ ಯಾವಾಗಲೂ ಲೆಕ್ಚರರುಗಳ ಹೆಸರೇ. ಅದೇ ಲೆಕ್ಚರರು ಕಾರಿಡಾರಿನಲ್ಲಿ ಎಲೆಯೊಂದನ್ನು ಹಿಡಿದುಕೊಂಡು "ಇದು ಯಾವುದ್ರೀ?" ಅಂತ ಇವರನ್ನು ಕೇಳುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಇವರು ಎಲೆಯನ್ನು ಹಿಸುಕಿ, ಮೂಸಿ, ಹಾಲು ಬರುತ್ತದೆಯೇ ನೋಡಿ, ಹೇಳುತ್ತಿದ್ದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ನನಗೆ ಅದೇ ಸೋಜಿಗ. ನಮ್ಮಂಥವರಿಗೆ ಗೊತ್ತಿಲ್ಲ ಅನ್ನುವುದೆಂದರೆ ಎಲ್ಲರೆದುರು ಅಂಗಿ ಬಿಚ್ಚಿದ ಹಾಗೆ.

ಒಂದು ದಿನ ಹಳೆಯ ಹಾಳೆಯೊಂದರ ಮೇಲೆ ತಪ್ಪು ಹೆಸರಿನ ಚೀಟಿ ಇತ್ತು. ಸರಿಯಾದದ್ದನ್ನು ಅಂಟಿಸಲು ಹೇಳಿದ್ದರು. ನಾನು ಹಳೆಯದನ್ನು ಉಗುರಿನಿಂದ ಕೆರೆಯಲು ಶುರು ಮಾಡಿದೆ. ಮಣಿಕಟ್ಟಿನ ಮೇಲೆ ಪಟ್ಟನೆ ಒಂದು ಏಟು ಬಿತ್ತು.

"ಅದನ್ನ ಕೀಳೋ ಹಾಗಿಲ್ಲ. ಪಕ್ಕದಲ್ಲಿ ಹೊಸದು ಅಂಟಿಸು. ಎರಡೂ ಇರ್ಬೇಕು."

"ತಪ್ಪು ಬರೆದೋರ ಹೆಸರೂ ಇದೆಯಲ್ಲಣ್ಣ, ಅವ್ರ ಮಾನ ಹೋಗಲ್ವಾ?"

"ಕಿತ್ತಾಕಿದ್ರೆ ಮುಂದೆ ಬರೋನು ಅದೇ ತಪ್ಪು ಮಾಡ್ತಾನೆ" ಅಂದರು. "ಮಾನ ಎಲ್ಲಿ ಹೋಗುತ್ತೆ, ಬೀರುವಿನೊಳಗೇ ಇರುತ್ತೆ."

ನನಗೆ ಓದು ತಲೆಗೆ ಹತ್ತದೆ, ಬಿಟ್ಟುಬಿಡೋಣ ಅನ್ನಿಸಿದ್ದ ವಾರ ಅವರು ನನ್ನ ರೆಕಾರ್ಡ್ ಪುಸ್ತಕದೊಳಗೆ ಒಂದು ದಪ್ಪನೆಯ ಎಲೆ ಇಟ್ಟುಕೊಟ್ಟರು. ಬ್ರಯೋಫಿಲಂ. ನೀರಿಲ್ಲದೆ, ಮಣ್ಣಿಲ್ಲದೆ, ಪುಸ್ತಕದ ಕತ್ತಲಲ್ಲಿ ಅದರ ಅಂಚಿನಲ್ಲಿ ಪುಟ್ಟಪುಟ್ಟ ಸಸಿಗಳು ಮೂಡಿದವು. ಅಪ್ಪ ಅದನ್ನು ನೋಡಿ, "ಲೋ, ಇದು ಕಾಡುಬಸಳೆ ಕಣೋ" ಅಂದ. ಅವನಿಗೆ ಆಗ ಕಿಡ್ನಿಯಲ್ಲಿ ಕಲ್ಲು. ಕೆಲಸದ ಜಾಗದಲ್ಲಿ ಯಾರೋ ಈ ಎಲೆ ತಿನ್ನಲು ಹೇಳಿದ್ದರಂತೆ. ಪೇಂಟ್ ಡಬ್ಬದಲ್ಲಿ ಬೆಳೆಸಿ, ಮೂರು ತಿಂಗಳು ದಿನಾ ಬೆಳಿಗ್ಗೆ ಎರಡೆರಡು ಎಲೆ ಅಗಿದು ನುಂಗಿದ. ನೋವು ಹೋಯಿತು. ಎಲೆಯಿಂದ ಹೋಯಿತೋ, ತಾನಾಗಿ ಹೋಯಿತೋ, ಕೇಳಿದವರಿಲ್ಲ. ಈ ಎಲೆಯ ಸಂಗತಿಯನ್ನು ಸುಮ್ಮನೆ ಹೇಳುತ್ತಿಲ್ಲ. ಮುಂದೆ ನಾನು ಮಾಡಿದ್ದಕ್ಕೆಲ್ಲ ಬೇರು ಇಲ್ಲೇ ಇದೆ.

ಡಿಗ್ರಿ ಬಂತು. ಬಿ.ಎಡ್. ಆಯಿತು. ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ಸಿಹಿ ತೆಗೆದುಕೊಂಡು ಅವರ ಮನೆಗೆ ಹೋದ ದಿನ ಅವರು ಬಾಗಿಲಲ್ಲೇ ಎದ್ದು ನಿಂತು, "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಅಂದರು. ಅಲ್ಲಿಯವರೆಗೆ 'ನೀನು' ಅನ್ನುತ್ತಿದ್ದವರು.

"ಏನಣ್ಣ ಇದು, ಬನ್ನಿ ಗಿನ್ನಿ ಅಂತ?"

"ನೀವೀಗ ಓದಿದೋರು. ನಾನು ಹಂಗೆಲ್ಲ ಕರೆಯೋಕಾಗುತ್ತಾ?"

ಬೇಡ ಅನ್ನಬೇಕಿತ್ತು. ನನಗೆ ಹಿತವಾಯಿತು.

ಅವರ ಹೆಂಡತಿ ಬಾಯಿಬಡುಕಿ, ನಗಿಸುವ ಹೆಂಗಸು. ಮನೆಯಲ್ಲಿ ಒಂದು ದಪ್ಪನೆಯ ಬೂದು ಬೆಕ್ಕಿತ್ತು. ಅದರ ಹೆಸರು ಪ್ರಿನ್ಸಿಪಾಲ್. ಹೆಸರಿಟ್ಟವರು ಆಕೆಯೇ. "ನೋಡಿ ಮೇಷ್ಟ್ರೇ, ಒಂದು ಕೆಲಸ ಮಾಡಲ್ಲ. ಇಲಿ ಮುಂದೆ ಹೋದ್ರೂ ಹಿಡಿಯಲ್ಲ. ಬೆಳಗಿಂದ ಸಾಯಂಕಾಲದವರೆಗೆ ಕೂತ್ಕೊಂಡು ಎಲ್ಲರನ್ನೂ ದುರುಗುಟ್ಕೊಂಡು ನೋಡುತ್ತೆ. ಇನ್ನೇನಂತ ಕರೀಲಿ?" ಗಂಡ ನಗುತ್ತಿರಲಿಲ್ಲ, ಆದರೆ ಕಿವಿಯ ಮೇಲಿನ ಪೆನ್ಸಿಲ್ ಅಲುಗಾಡುತ್ತಿತ್ತು.

ಅವರು ನಿವೃತ್ತರಾದ ಮರುವರ್ಷ ಆಕೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಕಿವಿ ಮತ್ತು ಬುದ್ಧಿ ಮಾತ್ರ ಉಳಿದವು. ನಾವು ಆಡಿದ್ದೆಲ್ಲ ಆಕೆಗೆ ತಿಳಿಯುತ್ತಿತ್ತು, ಬಾಯಿಂದ ಒಂದು "ಆಂ" ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು ಮುಷ್ಟಿಯಾಗಿದ್ದವು. ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟು, ಹಿಡಿದು ಬಿಡಿ ಅಂದಿದ್ದರು. ಆ ಕೈ ಚೆಂಡಿಗೆ ಬಿಚ್ಚಲಿಲ್ಲ. ಆದರೆ ಬೆಕ್ಕು ಬಂದು ಆ ಮುಷ್ಟಿಯ ಕೆಳಗೆ ಬೆನ್ನು ಒಡ್ಡಿಕೊಂಡು ಮಲಗಿದರೆ, ಒಂದೊಂದೇ ಬೆರಳು, ಬಹಳ ನಿಧಾನಕ್ಕೆ, ಬಿಚ್ಚಿಕೊಳ್ಳುತ್ತಿತ್ತು. ಅವರು ನನ್ನನ್ನು ಕರೆದು ತೋರಿಸಿದರು. "ದಿನಾ ಅರ್ಧ ಗಂಟೆ ಮೇಷ್ಟ್ರೇ. ಡಾಕ್ಟ್ರೇ ಅಂದ್ರು, ಇದನ್ನ ನಿಲ್ಲಿಸ್ಬೇಡಿ, ನಿಲ್ಲಿಸಿದ್ರೆ ಕೈ ಪೂರ್ತಿ ಮುಚ್ಕೊಂಡ್ಬಿಡುತ್ತೆ ಅಂತ."

ಆಗ ಅವರು ಬನಶಂಕರಿಯ ಒಂದು ಅಪಾರ್ಟ್‌ಮೆಂಟಿನ ತೋಟ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಹೋದರೆ ಒಂದು ಗಂಟೆಗೆ ವಾಪಸ್ಸು. ಅಷ್ಟು ಹೊತ್ತು ಪಕ್ಕದ ಮನೆಯ ಟೈಲರ್ ಆಂಟಿ ಬಂದು ನೋಡಿಕೊಳ್ಳುತ್ತಿದ್ದರು. ಗಂಜಿ ಕುಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಮಲಗಿಸುವುದು. ಹೊಲಿಗೆ ಮಿಷನ್ನು ಬಿಟ್ಟು ಬರುತ್ತಿದ್ದರು. "ನನ್ ತಂಗಿ ಇದ್ದಿದ್ರೆ ಮಾಡ್ತಿರ್ಲಿಲ್ವಾ, ಬಿಡಿ" ಅನ್ನುತ್ತಿದ್ದರು.

ಹಾಸಿಗೆ ಹಿಡಿದವರ ಕಣ್ಣಿಗೆ ಒಂದಿಷ್ಟು ಬಣ್ಣ ಇರಲಿ ಎಂದು ನಾನು ಜೆ.ಪಿ. ನಗರದ ನರ್ಸರಿಯಿಂದ ಒಂದು ಕುಂಡ ತಂದೆ. ದಪ್ಪ ಎಲೆ, ಗೊಂಚಲು ಗೊಂಚಲು ಕೆಂಪು ಹೂ. ಕಲಂಚೋ ಅನ್ನುತ್ತಾರೆ. ವಾರಕ್ಕೊಂದು ಲೋಟ ನೀರು ಸಾಕು. ಮಂಚದ ಪಕ್ಕದ ಕಿಟಕಿಯಲ್ಲಿ ಇಟ್ಟೆ. ಆಕೆ ಎಡಗೈ ಎತ್ತಿ, ಚೆನ್ನಾಗಿದೆ ಎಂಬಂತೆ ಬೆರಳು ಕೂಡಿಸಿ ತೋರಿಸಿದರು. ಅವರು ಕುಂಡದ ಮುಂದೆ ಕೂತು ಎಲೆಯೊಂದನ್ನು ಮುರಿದು ನೋಡಿದರು. ಮೂಸಿದರು.

"ಹಾಲಿಲ್ಲ. ಆದ್ರೂ, ಮೇಷ್ಟ್ರೇ, ಪ್ರಿನ್ಸಿಪಾಲ್ ಇಲ್ಲೇ ಓಡಾಡ್ಕೊಂಡಿರುತ್ತೆ. ಬೆಕ್ಕಿಗೇನೂ ಆಗಲ್ವಾ ಇದು?"

ಫೋನು ನನ್ನ ಜೇಬಿನಲ್ಲೇ ಇತ್ತು. ತೆಗೆದು ನೋಡಲು ಒಂದು ನಿಮಿಷ ಸಾಕಿತ್ತು. ಗೊತ್ತಿಲ್ಲ, ನೋಡಿ ಹೇಳ್ತೀನಿ ಅನ್ನಬಹುದಿತ್ತು.

"ಏನಣ್ಣ ನೀವು, ಇದು ಕಾಡುಬಸಳೆ ಜಾತಿ. ನೀವೇ ನನ್ನ ಪುಸ್ತಕದಲ್ಲಿ ಇಟ್ಟಿದ್ರಲ್ಲ, ಅದರ ತಂಗಿ. ನಮ್ಮಪ್ಪ ಮೂರು ತಿಂಗಳು ತಿಂದ. ಮನುಷ್ಯನೇ ತಿಂದು ಅರಗಿಸ್ಕೊಂಡ ಮೇಲೆ ಬೆಕ್ಕಿಗೇನು?"

"ಅಲ್ಲ, ನಮ್ಮೂರ ಕಡೆ ಬೇಲಿಲಿ ಬೆಳೀತಿತ್ತು ಈ ಜಾತಿದು. ಬೇಸಿಗೇಲಿ ಬೇರೆ ಹಸಿರು ಇಲ್ದಿದ್ರೂ ಕುರಿ ಇದನ್ನ ಮುಟ್ತಿರ್ಲಿಲ್ಲ. ಅದಕ್ಕೆ ಕೇಳ್ದೆ."

"ಕುರಿಗೇನು ಗೊತ್ತಣ್ಣ?" ಅಂದು ನಕ್ಕೆ.

ಅವರೂ ನಕ್ಕರು. "ಅದೂ ಸರಿ. ನೀವು ಓದಿದೋರು" ಅಂದು, ಪೆಟ್ಟಿಗೆಯಿಂದ ಒಂದು ಚೀಟಿ ತೆಗೆದರು. ನಿವೃತ್ತರಾದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಮನೆಯ ಪ್ರತಿ ಕುಂಡಕ್ಕೂ ಚೀಟಿ ಇತ್ತು. ಬರೆದರು. ಮೊದಲ ಸಾಲು, ಕಲಂಚೋ. ಎರಡನೆಯ ಸಾಲು, ಜೆ.ಪಿ. ನಗರದ ನರ್ಸರಿ. ಮೂರನೆಯದು ನನ್ನ ಹೆಸರು, ಮುಂದೆ ಬಿ.ಎಸ್ಸಿ., ಬಿ.ಎಡ್. ಕೆಳಗೆ ಸಣ್ಣಕ್ಷರದಲ್ಲಿ, 'ಬೆಕ್ಕಿಗೆ ತೊಂದರೆ ಇಲ್ಲ.' ನನ್ನ ಡಿಗ್ರಿಯನ್ನು ಅವರ ಅಕ್ಷರದಲ್ಲಿ ನೋಡಿ ನನಗೆ ಎಷ್ಟು ಖುಷಿಯಾಯಿತು ಎಂದರೆ, ಅದರ ಫೋಟೋ ತೆಗೆದುಕೊಂಡೆ.

ಒಂದು ತಿಂಗಳೂ ಆಗಿರಲಿಲ್ಲ. ಸ್ಕೂಲಿನಲ್ಲಿದ್ದೆ, ಬೆಳಿಗ್ಗೆ ಹತ್ತೂವರೆ. ಅವರ ಫೋನು.

"ಮೇಷ್ಟ್ರೇ, ಪ್ರಿನ್ಸಿಪಾಲ್‌ಗೆ ಹುಷಾರಿಲ್ಲ. ನಿನ್ನೆಯಿಂದ ವಾಂತಿ, ಜೊಲ್ಲು. ಕಾಲು ನಿಲ್ತಾ ಇಲ್ಲ. ಬೆಕ್ಕಿನ ಡಾಕ್ಟ್ರ ಹತ್ರ ತಂದಿದ್ದೀನಿ. ಮನೇಲಿ ಗಿಡ ಏನಾದ್ರೂ ತಿಂದಿದೆಯಾ ಅಂತ ಕೇಳಿದ್ರು. ವಿಷದ್ದು ಯಾವ್ದೂ ಇಲ್ಲ ಸಾರ್, ನಮ್ಮ ಮೇಷ್ಟ್ರು ನೋಡಿ ಹೇಳಿದ್ದಾರೆ ಅಂದೆ. ಸರಿ ತಾನೇ?"

"ಹೂಂ" ಅಂದೆ.

ಫೋನ್ ಇಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಹುಡುಕಿದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಕಲಂಚೋ ಬೆಕ್ಕಿಗೆ, ನಾಯಿಗೆ, ದನಕ್ಕೆ, ಕುರಿಗೆ ವಿಷ. ಎಲೆಗಿಂತ ಹೂವಿನಲ್ಲಿ ಹೆಚ್ಚು. ಮೊದಲು ವಾಂತಿ, ಜೊಲ್ಲು, ಆಮೇಲೆ ಎದೆಬಡಿತ ದಾರಿ ತಪ್ಪುತ್ತದೆ. ಏನು ತಿಂದಿದೆ ಎಂದು ಬೇಗ ಗೊತ್ತಾದರೆ ಚಿಕಿತ್ಸೆ ಉಂಟು. ಓದಿದೆ. ಎರಡು ಸಲ ಓದಿದೆ. ಬೆಲ್ ಹೊಡೆಯಿತು. ಫೋನ್ ಜೇಬಿಗೆ ಹಾಕಿಕೊಂಡು ಕ್ಲಾಸಿಗೆ ಹೋದೆ. ಒಂಬತ್ತನೆಯ ಎ ಸೆಕ್ಷನ್, ಆಮೇಲೆ ಬಿ ಸೆಕ್ಷನ್. ಎರಡು ಪೀರಿಯಡ್ ಗುರುತ್ವಾಕರ್ಷಣೆ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಬೆಕ್ಕು ತಾನಾಗಿ ಸರಿಹೋಗಲಿ, ನಾನು ಹೇಳುವುದು ತಪ್ಪಲಿ ಎಂದು ಕಾಯುತ್ತಿದ್ದೆ.

ಹನ್ನೆರಡೂವರೆಗೆ ಫೋನ್ ಮಾಡಿದೆ.

"ಹೋಯ್ತು ಮೇಷ್ಟ್ರೇ. ಡಾಕ್ಟ್ರು ಯಾವ್ದೋ ವಿಷ ಅಂತಾರೆ. ಇಲಿ ಮಾತ್ರೆ ಏನಾದ್ರೂ ಇರ್ಬಹುದಾ ಅಂದ್ರು. ಪಕ್ಕದ ಆಂಟಿ ಹೋದ ವಾರ ಮೋರಿ ಹತ್ರ ಇಲಿ ಮಾತ್ರೆ ಇಟ್ಟಿದ್ರು. ಅದೇ ಇರ್ಬೇಕು, ಅಲ್ವಾ?"

"ಇರಬಹುದಣ್ಣ" ಅಂದೆ.

ಈ ಒಂದು ಮಾತನ್ನು ನಾನು ಮರೆತಿಲ್ಲ. ಬೆಕ್ಕಿಗೇನು ಅಂದದ್ದು ಅಜ್ಞಾನ. ಇದು ಹಾಗಲ್ಲ.

ಅವರು ಆಂಟಿಯ ಗೇಟಿನ ಹತ್ತಿರ ಹೋಗಿ ಮಾತಾಡಿದರಂತೆ. ಮಾತು ಕಡಿಮೆಯವರು ಸಿಟ್ಟಿಗೆ ಬಂದರೆ ಆಡಬಾರದ್ದನ್ನು ಆಡುತ್ತಾರೆ. "ನನ್ ಹೆಂಡ್ತಿಗೆ ಗಂಜಿ ಕುಡಿಸೋ ಕೈಲೇ ವಿಷ ಇಟ್ರಲ್ಲ" ಅಂದರಂತೆ. ಆಂಟಿ ಮಿಷನ್ ನಿಲ್ಲಿಸಿ, ಬಾಗಿಲು ಹಾಕಿಕೊಂಡರು. ಮರುದಿನದಿಂದ ಬರಲಿಲ್ಲ. ಇವರು ಹೆಂಡತಿಯನ್ನು ಒಳಗೆ ಬಿಟ್ಟು, ಹೊರಗಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದರು. ಐದು ಗಂಟೆ ಆಕೆ ಒಂದೇ ಮಗ್ಗುಲಲ್ಲಿ.

ಆ ಭಾನುವಾರ ಹೋದೆ. ಆಕೆಯ ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಯ ಮೇಲಿತ್ತು. ನನ್ನನ್ನು ನೋಡಿದ ಕೂಡಲೇ ಎಡಗೈ ಎತ್ತಿ ಕಿಟಕಿ ಕಡೆ ತೋರಿಸಿ "ಆಂ, ಆಂ" ಅಂದರು. ಅವರು ಎದ್ದು ಕಿಟಕಿ ತೆಗೆದರು. ಮತ್ತೆ "ಆಂ." ಮುಚ್ಚಿದರು. ಮತ್ತೆ "ಆಂ."

"ನಾಲ್ಕು ದಿನದಿಂದ ಇದೇ. ತೆಗೆದ್ರೂ ಹಿಂಗೇ, ಹಾಕಿದ್ರೂ ಹಿಂಗೇ. ಏನ್ ಬೇಕೇ ನಿನಗೆ?" ಅವರ ದನಿ ಒಡೆದಿತ್ತು.

ಕುಂಡದಲ್ಲಿ ಒಂದು ಗೊಂಚಲಿನ ಹೂಗಳು ಇರಲಿಲ್ಲ. ಬರೀ ತೊಟ್ಟು ನಿಂತಿತ್ತು. ಹಾಸಿಗೆಯಲ್ಲಿ ಮಲಗಿಕೊಂಡು ಆಕೆ ಎಲ್ಲ ಕಂಡಿದ್ದರು. ನಾನು ಏನೂ ಆಗಲ್ಲ ಅಂದದ್ದನ್ನು ಕೇಳಿದ್ದರು, ಬೆಕ್ಕು ತಿಂದದ್ದನ್ನು ನೋಡಿದ್ದರು, ತನ್ನನ್ನು ನೋಡಿಕೊಳ್ಳುವ ಹೆಂಗಸಿನ ಮೇಲೆ ಗಂಡ ಕೂಗಾಡಿದ್ದೂ ಕಿವಿಗೆ ಬಿದ್ದಿತ್ತು. ಬಾಯಿಲ್ಲ. ತೋರಿಸುತ್ತಿದ್ದದ್ದು ಕಿಟಕಿಯನ್ನಲ್ಲ. ನನಗೆ ತಕ್ಷಣ ತಿಳಿಯಿತು.

"ಗಾಳಿ ಬೇಕೇನೋ ಅಣ್ಣ" ಅಂದೆ.

ಆಕೆ ನನ್ನನ್ನೇ ನೋಡಿದರು. ಕೈ ಕೆಳಗಿಳಿಸಲಿಲ್ಲ.

ಮತ್ತೆ ಒಂದು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಪೇಪರ್ ತಿದ್ದುವುದಿದೆ ಅಂದೆ, ಟ್ರೇನಿಂಗ್ ಇದೆ ಅಂದೆ. ಅವರೇ ಫೋನ್ ಮಾಡಿ, "ಒಂದ್ ಸಲ ಬನ್ನಿ, ಒಬ್ನೇ ಎತ್ತಿ ಹೊರಳಿಸೋಕಾಗ್ತಿಲ್ಲ" ಅಂದಾಗ ಹೋದೆ. ಆಕೆಯ ಭುಜ ಹಿಡಿದು ಮಗ್ಗುಲಿಗೆ ಹೊರಳಿಸಿದೆ. ಸೊಂಟದ ಕೆಳಗೆ ಅಂಗೈ ಅಗಲ ಹುಣ್ಣು. ವಾಸನೆ. ಮುಷ್ಟಿಯೊಳಗೆ ಉಗುರು ಅಂಗೈಗೆ ಚುಚ್ಚಿಕೊಂಡು ಅಲ್ಲೂ ಗಾಯ. ಅವರು ಹತ್ತಿಯಲ್ಲಿ ಔಷಧಿ ಅದ್ದಿಕೊಂಡು, ತಗ್ಗಿದ ದನಿಯಲ್ಲಿ ಅಂದರು: "ಆಂಟಿ ಇದ್ದಾಗ ಹಿಂಗಾಗಿರ್ಲಿಲ್ಲ."

ಆಗ ಹೇಳಿದೆ. ಭುಜ ಹಿಡಿದುಕೊಂಡೇ ಹೇಳಿದೆ. ಇಲಿ ಮಾತ್ರೆಯಲ್ಲ ಅಣ್ಣ, ಗಿಡ.

ಅವರ ಕೈ ನಿಲ್ಲಲಿಲ್ಲ. ಹುಣ್ಣು ತೊಳೆದು, ಔಷಧಿ ಹಚ್ಚಿ, ಬಟ್ಟೆ ಸುತ್ತಿ, ಆಕೆಯನ್ನು ಸರಿಯಾಗಿ ಮಲಗಿಸಿ, ಕೈ ತೊಳೆದುಕೊಂಡು ಬಂದರು. ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಕೇಳಿದರು.

"ನಿನಗೆ ಯಾವಾಗ ಗೊತ್ತಾಯ್ತು?"

ಎಷ್ಟೋ ವರ್ಷದ ಮೇಲೆ 'ನೀನು'.

"ಆವತ್ತೇ ಅಣ್ಣ."

"ಆವತ್ತು ಯಾವಾಗ?"

"ನೀವು ಫೋನ್ ಮಾಡಿದ್ಮೇಲೆ. ಹತ್ತು ನಿಮಿಷಕ್ಕೆ."

ಅವರು ಟವೆಲ್ ಮಡಚಿದರು. "ಅದು ಜೀವ ಬಿಟ್ಟಿದ್ದು ಹನ್ನೆರಡಕ್ಕೆ" ಅಂದರು. ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಆವತ್ತೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಮಂಚದ ಹತ್ತಿರ ಬಗ್ಗಿ, "ಗಿಡ ಅಂತೆ ಕಣೇ. ನೀನು ತೋರಿಸ್ತಾ ಇದ್ದಿದ್ದು ಅದನ್ನೇನಾ?" ಅಂದರು. ಆಕೆ ಕಣ್ಣು ಮುಚ್ಚಿಕೊಂಡರು. ಎಡಗೈ ಹಾಸಿಗೆಯ ಮೇಲೆ ಬಿತ್ತು.

"ಬಾ" ಎಂದು ನನ್ನನ್ನು ಕರೆದುಕೊಂಡು ಪಕ್ಕದ ಮನೆಯ ಗೇಟಿಗೆ ಹೋದರು. ಆಂಟಿ ಹೊರಗೆ ಬಂದು ಸೆರಗು ಸಿಕ್ಕಿಸಿಕೊಂಡು ನಿಂತರು. ಇವರು ಕೈ ಮುಗಿದರು.

"ತಪ್ಪಾಯ್ತಮ್ಮ. ನಿಮ್ಮ ಮಾತ್ರೆಯಿಂದ ಆಗಿದ್ದಲ್ಲ. ಕಿಟಕೀಲಿದ್ದ ಗಿಡ ತಿಂದಿತ್ತು. ನಾನು ತಿಳೀದೆ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ನಾನು ಹೇಳ್ಬೇಕು ಅಂತ ಹತ್ತು ಸಲ ಅಂದ್ಕೊಂಡೆ" ಅಂದರು ಆಂಟಿ, "ಮೋರಿ ಹತ್ರ ಇಟ್ಟಿದ್ದ ಮಾತ್ರೆ ಒಂದೂ ಕಮ್ಮಿ ಆಗಿರ್ಲಿಲ್ಲ. ಎಣಿಸಿದ್ದೆ. ಹೇಳಿದ್ರೆ ನೀವೆಲ್ಲಿ ಕೇಳ್ತಿದ್ರಿ?" ಆಮೇಲೆ ನನ್ನ ಕಡೆ ತಿರುಗಿ, "ಮನೇಲಿ ಇಷ್ಟು ಓದಿದ ಮೇಷ್ಟ್ರು ಓಡಾಡ್ತಾರೆ, ಇವ್ರಿಗಾದ್ರೂ ಗೊತ್ತಿರ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅವರಂದರು: "ಮೇಷ್ಟ್ರೇ ಹುಡುಕಿ ಕಂಡುಹಿಡಿದಿದ್ದು. ಇಲ್ದಿದ್ರೆ ನನಗೆಲ್ಲಿ ಗೊತ್ತಾಗ್ತಿತ್ತು?"

ಆಂಟಿ ನನ್ನನ್ನು ಒಂಥರಾ ಗೌರವದಿಂದ ನೋಡಿದರು.

ವಾಪಸ್ಸು ಬಂದು ಅವರು ಕುಂಡ ಕೆಳಗಿಳಿಸಿ, ಚೀಟಿಯ ಪೆಟ್ಟಿಗೆ ನನ್ನ ಮುಂದಿಟ್ಟರು. "ಬರೀರಿ." ಅಷ್ಟರಲ್ಲಿ ಮತ್ತೆ 'ನೀವು' ಆಗಿದ್ದೆ. ಹೆಸರು ಬರೆದೆ, ಜಾಗ ಬರೆದೆ, ಕೆಳಗೆ 'ಬೆಕ್ಕಿಗೆ ವಿಷ' ಎಂದು ಬರೆದೆ. ಮೂರನೆಯ ಸಾಲಿಗೆ ಪೆನ್ನು ನಿಂತಿತು.

"ಯಾರ ಹೆಸರು ಬರೀಲಿ ಅಣ್ಣ?"

"ಯಾರು ಗುರುತಿಸಿದ್ರೋ ಅವ್ರದ್ದು."

ಬರೆಯಲಿಲ್ಲ. ಖಾಲಿ ಬಿಟ್ಟೆ. ಅವರು ಅದನ್ನು ಹಾಗೇ ತೆಗೆದುಕೊಂಡು, ಹಳೆಯ ಚೀಟಿಯ ಪಕ್ಕದಲ್ಲಿ ಅಂಟಿಸಿದರು.

ಆಂಟಿ ಮರುದಿನದಿಂದ ಬಂದರು. ಆದರೆ ಹುಣ್ಣು ಮೂಳೆಗೆ ಇಳಿದಿತ್ತು. ಗಣೇಶನ ಹಬ್ಬಕ್ಕೆ ಮುಂಚೆ ಆಕೆ ಹೋದರು. ಮೈ ತೊಳೆಸುವಾಗ ಆ ಮುಷ್ಟಿಯನ್ನು ಬಿಚ್ಚಲು ನೋಡಿದರಂತೆ, ಆಗಲಿಲ್ಲವಂತೆ. ಹಾಗೇ ಕಳಿಸಿದರು.

ಆ ಗಿಡವನ್ನು ಅವರು ಎಸೆಯುತ್ತಾರೆ ಅಂದುಕೊಂಡಿದ್ದೆ. ಕಾಂಪೌಂಡಿನೊಳಗೆ ಇಟ್ಟು, ಬೀದಿ ಬೆಕ್ಕುಗಳು ಬಾಯಿ ಹಾಕದ ಹಾಗೆ ಸುತ್ತ ತಂತಿ ಬಲೆ ಕಟ್ಟಿದರು. "ಅದೇನ್ ಮಾಡಿತ್ತು ಪಾಪ, ಅದರ ಪಾಡಿಗೆ ಅದಿತ್ತು" ಅಂದರು. ಎರಡು ವರ್ಷ ನೀರು ಹಾಕಿದರು. ನಾನು ಹೋದಾಗಲೆಲ್ಲ ಯಾವುದಾದರೂ ಎಲೆ ತೋರಿಸಿ, "ನೀವು ಓದಿದೋರು, ಹೇಳಿ, ಇದೇನು?" ಎಂದು ಕೇಳುತ್ತಿದ್ದರು. ಚುಚ್ಚುತ್ತಿದ್ದರೋ, ಹಳೆಯ ಅಭ್ಯಾಸವೋ, ಕೊನೆಯವರೆಗೂ ನನಗೆ ತಿಳಿಯಲಿಲ್ಲ. "ಗೊತ್ತಿಲ್ಲ ಅಣ್ಣ, ನೋಡಿ ಹೇಳ್ತೀನಿ" ಅನ್ನುವುದನ್ನು ಕಲಿತೆ. ಹಾಗೆ ಅಂದಾಗ ತಲೆಯಾಡಿಸುತ್ತಿದ್ದರು. ಇನ್ನೊಮ್ಮೆ 'ನೀನು' ಅನ್ನಲಿ ಎಂದು ಕಾದೆ. ಅನ್ನಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಮೇಲೆ ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆ. ಮದುವೆಯಾಗಿ ವಿಲ್ಸನ್ ಗಾರ್ಡನ್ನಿನಲ್ಲಿರುವ ಅವರ ಮಗಳು ಬಂದಿದ್ದಳು. ಬಡಿಸುತ್ತಿದ್ದವರು ಪಕ್ಕದ ಆಂಟಿ. ಸಾರಿನ ಸೌಟು ಹಿಡಿದು ನನ್ನ ಎಲೆಯ ಮುಂದೆ ನಿಂತು, ಮಗಳನ್ನು ಕರೆದು ಹೇಳಿದರು: "ಇವ್ರೇ ನೋಡಮ್ಮ, ಬೆಕ್ಕು ಗಿಡದಿಂದ ಸತ್ತಿದ್ದು ಅಂತ ಕಂಡುಹಿಡಿದ ಮೇಷ್ಟ್ರು. ಇವ್ರಿಲ್ದಿದ್ರೆ ನಿಮ್ಮಪ್ಪ ಸಾಯೋವರೆಗೂ ನನ್ ಮುಖ ನೋಡ್ತಿರ್ಲಿಲ್ಲ."

"ಆ ಗಿಡ ತಂದ್ಕೊಟ್ಟಿದ್ದು ನಾನು" ಅಂದೆ. "ಬೆಕ್ಕಿಗೇನೂ ಆಗಲ್ಲ ಅಂದಿದ್ದೂ ನಾನೇ. ಅಣ್ಣ ಅನುಮಾನ ಪಟ್ಟು ಕೇಳಿದ್ರು, ನಾನು ನಕ್ಕೆ. ಬೆಕ್ಕು ಇನ್ನೂ ಬದುಕಿದ್ದಾಗಲೇ ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ಇಲಿ ಮಾತ್ರೆ ಅಂದಾಗ, ಇರಬಹುದು ಅಂದೆ."

ಅಕ್ಕಪಕ್ಕದ ಎಲೆಗಳಲ್ಲಿ ಕೈಗಳು ನಿಂತವು. ಆಂಟಿಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಆವತ್ತು ಗೇಟ್ ಹತ್ರ ನಿಂತಿದ್ರಲ್ಲ" ಅಂದರು. "ಆಗ ಹೇಳಿದ್ರೆ ನಾನು ಬೈದು ಬಿಟ್ಬಿಡ್ತಿದ್ದೆ. ಈಗ ಯಾರಿಗೆ ಹೇಳ್ತಿದ್ದೀರಾ?" ಮುಂದಿನ ಎಲೆಗೆ ಹೋದರು. ನನಗೆ ಸಾರು ಬಡಿಸಲಿಲ್ಲ. ಬರೀ ಅನ್ನ ತಿಂದು ಎದ್ದೆ.

ಹೊರಡುವಾಗ ಮಗಳು ಕುಂಡ ತಂದು ನನ್ನ ಕೈಗೆ ಕೊಟ್ಟಳು. "ನಮ್ಮನೇಲಿ ಮಗು ಇದೆ. ನೀವೇ ತಗೊಂಡ್ಹೋಗಿ" ಅಂದಳು. ನನ್ನ ಮುಖ ನೋಡಲಿಲ್ಲ.

ಈಗ ಅದು ನನ್ನ ಸ್ಕೂಲಿನ ಲ್ಯಾಬಿನಲ್ಲಿ, ಗಾಜಿನ ಬೀರುವಿನ ಪಕ್ಕದಲ್ಲಿದೆ. ಬಲೆಯೂ ಜೊತೆಗೇ ಬಂದಿದೆ. ಮೊನ್ನೆ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕೂತು ಆ ಎರಡನೆಯ ಚೀಟಿಯನ್ನು ನೋಡಿದೆ. ಅವರು ಬರೆದ ಲೇಬಲ್ಲುಗಳು ಆ ಕಾಲೇಜಿನ ಬೀರುಗಳಲ್ಲಿ ಸಾವಿರಗಟ್ಟಲೆ ಇರಬೇಕು. ನಾನು ಕಂಡ ಒಂದರಲ್ಲೂ ಮೂರನೆಯ ಸಾಲಿನಲ್ಲಿ ಅವರ ಹೆಸರಿರಲಿಲ್ಲ. ಪೆನ್ನು ತೆಗೆದು, ಉಸಿರು ಬಿಗಿಹಿಡಿದು, ಆ ಖಾಲಿ ಸಾಲಿನಲ್ಲಿ ಅವರ ಹೆಸರು ಬರೆದೆ. ಈ ಬರಹದಲ್ಲಿ ಅದನ್ನು ಮತ್ತೆ ಬರೆಯುವುದಿಲ್ಲ. ಬರೆಯಬೇಕಾದ ಜಾಗ ಅದು, ಅಲ್ಲಿದೆ. ಪಕ್ಕದಲ್ಲಿ ಹಳೆಯ ಚೀಟಿಯೂ ಇದೆ, ಅವರ ಮುತ್ತಿನಂಥ ಅಕ್ಷರದಲ್ಲಿ, ನನ್ನ ಹೆಸರು, ಬಿ.ಎಸ್ಸಿ., ಬಿ.ಎಡ್., ಬೆಕ್ಕಿಗೆ ತೊಂದರೆ ಇಲ್ಲ. ಅದನ್ನು ಕಿತ್ತಿಲ್ಲ.